ಒಂದು ಟನ್ ನಾರಿಗೆ ಒಂದು ಕೋವಿ: ನ್ಯೂಜಿಲೆಂಡಿನ ಹರಕೆಕೆ ವ್ಯಾಪಾರ

ಪ್ರಶ್ನೆ: ನ್ಯೂಜಿಲೆಂಡಿನ ಮಾವೋರಿ ಜನ ಒಂದು ಗಿಡದ ನಾರನ್ನು ಬಿಳಿಯರಿಗೆ ಮಾರಿ ಕೋವಿ ಕೊಂಡರು, ಆಮೇಲೆ ತಮ್ಮತಮ್ಮಲ್ಲೇ ಹೊಡೆದಾಡಿ ಸತ್ತರು ಅಂತ ಓದಿದೆ. ಬರೀ ನಾರಿಗಾಗಿ ಇಷ್ಟೆಲ್ಲ ನಡೆಯೋದು ಸಾಧ್ಯವಾ? ಅವರು ವ್ಯಾಪಾರದಲ್ಲಿ ಮೋಸ ಹೋದರಾ? ಆ ವ್ಯಾಪಾರ ಯಾಕೆ ನಿಂತಿತು? ಆ ನಾರಿನ ಕೆಲಸ ಈಗಲೂ ಯಾರಾದರೂ ಮಾಡುತ್ತಾರಾ?

ಉತ್ತರ:

ನೀವು ಓದಿದ್ದರಲ್ಲಿ ಅರ್ಧ ನಿಜ ಇದೆ. ನಾರು ಕೊಟ್ಟು ಕೋವಿ ಕೊಂಡದ್ದು ನಿಜ. ಕೋವಿಯಿಂದ ಸಾವಿರಾರು ಜನ ಸತ್ತದ್ದೂ ನಿಜ. ಆದರೆ ನಾರಿನ ವ್ಯಾಪಾರದಿಂದ ಯುದ್ಧ ಹುಟ್ಟಿತು ಅನ್ನುವುದು ಹಿಂದುಮುಂದಾದ ಮಾತು. ಯುದ್ಧ ಮೊದಲು ಬಂತು. ನಾರಿನ ವ್ಯಾಪಾರ ಜೋರಾದದ್ದು ಅದರ ಹಿಂದೆ. ಈ ಕ್ರಮ ತಿಳಿದರೆ "ಮೋಸ ಹೋದರಾ" ಎಂಬ ನಿಮ್ಮ ಪ್ರಶ್ನೆಗೂ ಉತ್ತರ ಸಿಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಗಿಡದ ವಿಷಯ. ಇದರ ಮಾವೋರಿ ಹೆಸರು ಹರಕೆಕೆ. ಸಸ್ಯಶಾಸ್ತ್ರದ ಹೆಸರು ಫಾರ್ಮಿಯಂ ಟೆನಾಕ್ಸ್. ಇಂಗ್ಲಿಷರು ಇದನ್ನು ನ್ಯೂಜಿಲೆಂಡ್ ಫ್ಲಾಕ್ಸ್ ಎಂದರು. ಆದರೆ ಅಗಸೆ ಗಿಡಕ್ಕೂ ಇದಕ್ಕೂ ನಂಟಿಲ್ಲ. ನೋಡೋಕೆ ಮುಳ್ಳಿಲ್ಲದ ಕೇದಗೆ ಮೆಳೆ ಇದ್ದ ಹಾಗೆ. ಉದ್ದನೆಯ ಎಲೆಗಳು ಬುಡದಿಂದಲೇ ಎರಡೂ ಕಡೆಗೆ ಹರಡಿ ಮೇಲೇಳುತ್ತವೆ. ಒಳ್ಳೆಯ ಜೌಗು ನೆಲದಲ್ಲಿ ಒಂದೊಂದು ಎಲೆ ಮೂರು ಮೀಟರ್ ತನಕ ಬೆಳೆಯುತ್ತದೆ. ಹೊಳೆದಂಡೆಯಲ್ಲೂ ಬರುತ್ತದೆ, ಕಡಲಗಾಳಿ ಬಡಿಯುವ ಗುಡ್ಡದಲ್ಲೂ ಬರುತ್ತದೆ.

ಮಾವೋರಿಗಳ ಹಿರಿಯರು ಸುಮಾರು 13ನೇ ಶತಮಾನದಲ್ಲಿ ಪೆಸಿಫಿಕ್ ಸಾಗರದ ಬೆಚ್ಚಗಿನ ದ್ವೀಪಗಳಿಂದ ದೋಣಿ ಹತ್ತಿ ಬಂದವರು. ಅಲ್ಲಿ ಮರದ ತೊಗಟೆ ಬಡಿದು ಬಟ್ಟೆ ಮಾಡುತ್ತಿದ್ದರು. ಆ ಮರ ಇಲ್ಲಿಯ ಚಳಿಗೆ ಸರಿಯಾಗಿ ಏಳಲಿಲ್ಲ. ತೊಗಟೆಬಟ್ಟೆ ಈ ಚಳಿಮಳೆಗೆ ಸಾಲುವಂಥದ್ದೂ ಅಲ್ಲ. ಹಾಗಾಗಿ ಅವರು ಹರಕೆಕೆ ಕಡೆ ತಿರುಗಿದರು. ಉಡುವ ಹೊದಿಕೆ, ಮಲಗುವ ಚಾಪೆ, ಬುಟ್ಟಿ, ಚಪ್ಪಲಿ, ಮೀನಿನ ಬಲೆ, ದೋಣಿ ಕಟ್ಟುವ ಹುರಿ, ಮನೆಯ ತೊಲೆ ಬಿಗಿಯುವ ಹಗ್ಗ ಎಲ್ಲವೂ ಇದರಿಂದಲೇ. ಕುರಿ ಇಲ್ಲ, ಹತ್ತಿ ಇಲ್ಲ. ಈ ಒಂದು ಗಿಡ ಇಲ್ಲದಿದ್ದರೆ ಆ ನಾಡಿನಲ್ಲಿ ಬದುಕು ಬಹಳ ಕಷ್ಟವಿತ್ತು.

ನಾರು ತೆಗೆಯುವ ಕೆಲಸವನ್ನು ಹತ್ತಿರದಿಂದ ನೋಡಬೇಕು, ಯಾಕೆಂದರೆ ಮುಂದಿನ ಕತೆಯೆಲ್ಲ ಇದರ ಮೇಲೇ ನಿಂತಿದೆ. ಗಿಡದ ನಡುವಿನ ಸುಳಿಯನ್ನು ಮಗು ಎನ್ನುತ್ತಾರೆ. ಅದರ ಎರಡೂ ಪಕ್ಕದ ಎಲೆಗಳು ಅಪ್ಪ ಅಮ್ಮ. ಈ ಮೂರನ್ನು ಮುಟ್ಟುವಂತಿಲ್ಲ. ಹೊರಗಿನ ಬಲಿತ ಎಲೆ ಅಜ್ಜ ಅಜ್ಜಿಯರು, ಅವನ್ನು ಮಾತ್ರ ಕೊಯ್ಯಬೇಕು. ಮಳೆ ಬರುವಾಗ ಕೊಯ್ಯಬಾರದು, ರಾತ್ರಿ ಕೊಯ್ಯಬಾರದು. ಕೊಯ್ದ ಎಲೆಯ ಅಂಚು ಮತ್ತು ನಡುದಿಂಡು ತೆಗೆದು ಸೀಳುತ್ತಾರೆ. ಮಂಕು ಬಣ್ಣದ ಬೆನ್ನಿನ ಕಡೆ ನಡುಮಧ್ಯೆ ಅಡ್ಡಕ್ಕೆ ಒಂದು ಗೀರು ಹಾಕುತ್ತಾರೆ. ಗೀರು ಆಳವಾದರೆ ನಾರೇ ಕತ್ತರಿಸಿ ಹೋಗುತ್ತದೆ. ಹಗುರವಾದರೆ ತಿರುಳು ಬಿಡುವುದಿಲ್ಲ. ಆಮೇಲೆ ಕಪ್ಪೆಚಿಪ್ಪಿನ ಅಂಚನ್ನು ಗೀರಿಗೆ ಒತ್ತಿ ಹಿಡಿದು ಎಲೆಯನ್ನು ಎಳೆಯುತ್ತಾರೆ. ಹಸಿರು ಭಾಗ ಕಳಚಿ ಬಂದು, ಒಳಗಿನ ಬಿಳಿ ನಾರು ಹೊರಗೆ ಬೀಳುತ್ತದೆ. ಅದು ಅರ್ಧ ಎಲೆ. ತಿರುಗಿಸಿ ಹಿಡಿದು ಇನ್ನರ್ಧ ಎಳೆಯಬೇಕು. ಹೀಗೆ ಬಂದ ನಾರಿನ ಹೆಸರು ಮುಕಾ. ಅದನ್ನು ಬರಿ ಕಣಕಾಲಿನ ಮೇಲೆ ಅಂಗೈಯಿಂದ ಹೊಸೆದು, ತೊಳೆದು, ಕಲ್ಲಿನಿಂದ ಬಡಿದು ಮೆತ್ತಗೆ ಮಾಡುತ್ತಾರೆ. ಚೆನ್ನಾಗಿ ಮಾಡಿದ ಮುಕಾ ರೇಷ್ಮೆಯ ಹಾಗೆ ಹೊಳೆಯುತ್ತದೆ. ಒಂದು ಒಳ್ಳೆಯ ಹೊದಿಕೆ ನೇಯಲು ತಿಂಗಳುಗಟ್ಟಲೆ ಬೇಕು.

ಇದು ಹೆಂಗಸರ ವಿದ್ಯೆ. ತಾಯಿಯಿಂದ ಮಗಳಿಗೆ ಬರುವಂಥದ್ದು. ಯಾವ ಮೆಳೆಯ ಎಲೆ ಬಟ್ಟೆಗೆ ಬರುತ್ತದೆ, ಯಾವುದು ಹಗ್ಗಕ್ಕೆ, ಯಾವುದು ಬುಟ್ಟಿಗೆ ಅಂತ ಅವರಿಗೆ ಗೊತ್ತಿತ್ತು. ತಳಿಗಳಿಗೆ ಬೇರೆ ಬೇರೆ ಹೆಸರಿಟ್ಟು ಊರ ಹತ್ತಿರ ನೆಟ್ಟು ಕಾಪಾಡುತ್ತಿದ್ದರು.

1769ರಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್‌ನ ಹಡಗು ಇಲ್ಲಿಗೆ ಬಂತು. ಕುಕ್ ಮತ್ತು ಜೊತೆಗಿದ್ದ ಸಸ್ಯತಜ್ಞ ಜೋಸೆಫ್ ಬ್ಯಾಂಕ್ಸ್ ಇಬ್ಬರ ಕಣ್ಣೂ ಈ ನಾರಿನ ಮೇಲೆ ಬಿತ್ತು. ಕಾರಣ ಸರಳ. ಆಗ ಬ್ರಿಟನ್ನಿನ ಬಲ ಅಂದರೆ ಹಾಯಿಹಡಗು. ಹಡಗಿಗೆ ಹಗ್ಗ ಬೇಕು, ಹಾಯಿಗೆ ಬಟ್ಟೆ ಬೇಕು. ಒಂದು ದೊಡ್ಡ ಯುದ್ಧನೌಕೆಗೆ ಮೈಲಿಗಟ್ಟಲೆ ಹಗ್ಗ ಬೇಕಾಗುತ್ತಿತ್ತು. ಅದಕ್ಕೆ ಬೇಕಾದ ಹೆಂಪ್ ಎಂಬ ಗಿಡದ ನಾರು ಬರುತ್ತಿದ್ದದ್ದು ಹೆಚ್ಚಾಗಿ ರಷ್ಯಾದಿಂದ, ಬಾಲ್ಟಿಕ್ ಸಮುದ್ರದ ದಾರಿಯಲ್ಲಿ. ಯುರೋಪಿನಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿದರೆ ನೌಕಾಪಡೆಯೇ ನಿಂತುಹೋಗುತ್ತದೆ ಎಂಬ ಹೆದರಿಕೆ ಸದಾ ಇತ್ತು. ಫ್ರೆಂಚ್ ಸಸ್ಯಶಾಸ್ತ್ರಜ್ಞ ಲಾಬಿಲಾರ್ದಿಯೆ ನಾರುಗಳ ಬಲವನ್ನು ಅಳೆದು ನೋಡಿದಾಗ ಹರಕೆಕೆ ಹೆಂಪನ್ನು ಮೀರಿಸಿತ್ತು. ಅದಕ್ಕಿಂತ ಗಟ್ಟಿ ಅಂತ ನಿಂತದ್ದು ರೇಷ್ಮೆ ಮಾತ್ರ.

1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ಕೈದಿಗಳ ವಸಾಹತು ಮಾಡಿದ ಕೂಡಲೇ ಫಿಲಿಪ್ ಗಿಡ್ಲಿ ಕಿಂಗ್ ಎಂಬ ಅಧಿಕಾರಿಯನ್ನು ನಾರ್ಫೋಕ್ ದ್ವೀಪಕ್ಕೆ ಕಳಿಸಿದರು. ಅಲ್ಲಿ ಈ ಗಿಡ ತಾನಾಗಿ ಬೆಳೆದಿತ್ತು. ಎಲೆ ರಾಶಿ ರಾಶಿ ಇದೆ, ನಾರು ತೆಗೆಯೋಕೆ ಮಾತ್ರ ಯಾರಿಗೂ ಬರುವುದಿಲ್ಲ. ನೆನೆಸಿ ನೋಡಿದರು, ಬಡಿದು ನೋಡಿದರು, ಹದಕ್ಕೆ ಬರಲಿಲ್ಲ. ಕೊನೆಗೆ 1793ರಲ್ಲಿ ಡೀಡಲಸ್ ಎಂಬ ಹಡಗು ನ್ಯೂಜಿಲೆಂಡಿನ ಉತ್ತರ ಕರಾವಳಿಗೆ ಹೋಗಿ ಇಬ್ಬರು ಮಾವೋರಿ ಯುವಕರನ್ನು ಹಿಡಿದು ತಂದಿತು. ಒಬ್ಬ ತುಕಿ, ಇನ್ನೊಬ್ಬ ಹುರು. ಒಬ್ಬ ಪೂಜಾರಿ ಮನೆತನದವನು, ಇನ್ನೊಬ್ಬ ಯೋಧ. ನಾರು ತೆಗೆಯುವುದು ಹೆಂಗಸರ ಕೆಲಸ, ಅವರಿಗೆ ಅದು ಸರಿಯಾಗಿ ಗೊತ್ತೇ ಇರಲಿಲ್ಲ. ತಿಳಿದಷ್ಟನ್ನು ತೋರಿಸಿಕೊಟ್ಟರು. ಸುಮಾರು ಆರು ತಿಂಗಳು ಕಿಂಗ್ ಮನೆಯಲ್ಲಿದ್ದರು. ಆ ಹೊತ್ತಿನಲ್ಲಿ ತುಕಿ ತನ್ನ ನಾಡಿನ ನಕ್ಷೆಯನ್ನು ಬಿಡಿಸಿ ತೋರಿಸಿದ. ಮಾವೋರಿ ಕೈಯಿಂದ ಬಂದ ಆ ಹಳೆಯ ನಕ್ಷೆ ಇವತ್ತಿಗೂ ಇತಿಹಾಸಕಾರರಿಗೆ ದೊಡ್ಡ ಆಸ್ತಿ. ಕಿಂಗ್ ಅವರನ್ನು ತಾನೇ ಕರೆದುಕೊಂಡು ಹೋಗಿ ಊರಿಗೆ ಬಿಟ್ಟ. ಜೊತೆಗೆ ಹಂದಿ, ಆಲೂಗಡ್ಡೆ ಬೀಜ ಕೊಟ್ಟ.

ಈ ಘಟನೆಯನ್ನು ಸುಮ್ನೆ ಹೇಳಲಿಲ್ಲ. ನಾರಿನ ಬೆಲೆ ಎಲೆಯಲ್ಲಿಲ್ಲ, ಕೆಲಸ ಬಲ್ಲ ಕೈಯಲ್ಲಿದೆ ಅನ್ನೋದು ಇಲ್ಲೇ ಗೊತ್ತಾಗಿತ್ತು. ಆದರೆ ಮುಂದೆ ಬಂದ ವ್ಯಾಪಾರಿಗಳು ಆ ಕೈಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನನ್ನ ದೃಷ್ಟಿಯಲ್ಲಿ ಈ ವ್ಯಾಪಾರದ ಕೇಡೆಲ್ಲ ಹುಟ್ಟಿದ್ದು ಅಲ್ಲಿಂದ.

ಈಗ ಕೋವಿಗೆ ಬರೋಣ. ಉತ್ತರದ ಬೇ ಆಫ್ ಐಲೆಂಡ್ಸ್ ಕೊಲ್ಲಿಗೆ 1800ರಿಂದಾಚೆ ತಿಮಿಂಗಿಲ ಬೇಟೆಯ ಹಡಗುಗಳು ಬಂದುಹೋಗುತ್ತಿದ್ದವು. ನೀರು, ಸೌದೆ, ತಿನ್ನೋಕೆ ಆಲೂಗಡ್ಡೆ, ಹಂದಿಮಾಂಸ ಅವಕ್ಕೆ ಬೇಕಿತ್ತು. ಅಲ್ಲಿಯ ಮಾವೋರಿ ಕುಲ ಙಾಪುಹಿ. ಅವರು ಮೊದಲ ಕೋವಿಗಳನ್ನು ಪಡೆದದ್ದು ಹೆಚ್ಚಾಗಿ ಈ ಆಲೂಗಡ್ಡೆ, ಹಂದಿ ಕೊಟ್ಟು. ಆಗ ನಾರಿನ ಪಾಲು ಕಡಿಮೆ.

ಈ ಙಾಪುಹಿಗಳ ನಾಯಕ ಹೊಂಗಿ ಹಿಕಾ. 1807ರ ಸುಮಾರಿಗೆ ಮೊರೆಮೊನುಯಿ ಎಂಬಲ್ಲಿ ಅವರ ಬಳಿ ನಾಲ್ಕಾರು ಕೋವಿ ಇದ್ದೂ ಸೋತರು. ಒಂದು ಸಲ ಹೊಡೆದು ಮತ್ತೆ ಮದ್ದು ತುಂಬುವಷ್ಟರಲ್ಲಿ ಎದುರಾಳಿಗಳು ಮೈಮೇಲೆ ಬಿದ್ದಿದ್ದರು. ಹೊಂಗಿಯ ಅಣ್ಣತಮ್ಮಂದಿರು ಅಲ್ಲಿ ಸತ್ತರು. ಅವನು ಕಲಿತ ಪಾಠ, ಕೋವಿ ಇದ್ದರೆ ಸಾಲದು, ಬಹಳ ಇರಬೇಕು ಅಂತ. 1820ರಲ್ಲಿ ಪಾದ್ರಿ ಥಾಮಸ್ ಕೆಂಡಲ್ ಜೊತೆ ಇಂಗ್ಲೆಂಡಿಗೆ ಹೋದ. ಕೇಂಬ್ರಿಜ್‌ನಲ್ಲಿ ಮಾವೋರಿ ಭಾಷೆಯ ವ್ಯಾಕರಣ ಬರೆಯಲು ನೆರವಾದ. ರಾಜ ನಾಲ್ಕನೇ ಜಾರ್ಜ್‌ನನ್ನು ಕಂಡ. ವಾಪಸ್ ಬರುವಾಗ ಸಿಡ್ನಿಯಲ್ಲಿ ಕೆಲವು ನೂರು ಕೋವಿ ಕೂಡಿಸಿಕೊಂಡು 1821ರಲ್ಲಿ ಊರು ಸೇರಿದ.

ಮುಂದಿನ ಎರಡು ಮೂರು ವರ್ಷ ಉತ್ತರ ದ್ವೀಪದಲ್ಲಿ ಭಯಂಕರವಾಗಿ ಕಳೆದವು. ಹೊಂಗಿಯ ದಂಡು ಇಂದಿನ ಆಕ್ಲೆಂಡಿನ ಸುತ್ತ, ವೈಕಾಟೊ ಕಡೆ ಬಡಿಯಿತು. 1823ರಲ್ಲಿ ಯುದ್ಧದೋಣಿಗಳನ್ನು ಕಾಡಿನ ನಡುವೆ ಎಳೆದು ರೊಟೊರುವಾ ಕೆರೆಗೆ ಇಳಿಸಿ, ಕೆರೆಯ ನಡುವಿನ ಮೊಕೊಯಾ ದ್ವೀಪದಲ್ಲಿ ಆಸರೆ ಪಡೆದವರನ್ನೂ ಬಿಡಲಿಲ್ಲ. ಎದುರಿನವರ ಕೈಯಲ್ಲಿ ಮರದ, ಕಲ್ಲಿನ ಆಯುಧ. ಸಾವಿರಾರು ಜನ ಸತ್ತರು. ಸಾವಿರಾರು ಜನ ಸೆರೆಯಾಗಿ ಉತ್ತರಕ್ಕೆ ಹೋದರು.

ನಾರಿನ ವ್ಯಾಪಾರ ಏರಿದ್ದು ಇದರ ಬೆನ್ನಿಗೆ. ಪಕ್ಕದ ಕುಲದವರಲ್ಲಿ ಕೋವಿ ಇದೆ, ನಮ್ಮಲ್ಲಿಲ್ಲ ಅಂದರೆ ಈ ವರ್ಷ ಅಥವಾ ಮುಂದಿನ ವರ್ಷ ನಾವು ಸಾಯುತ್ತೇವೆ, ಇಲ್ಲವೇ ಗುಲಾಮರಾಗುತ್ತೇವೆ. ಇದು ಎಲ್ಲರಿಗೂ ಕಣ್ಣಾರೆ ಗೊತ್ತಾಗಿತ್ತು. ಕೋವಿ ಕೊಡುವವನು ಸಿಡ್ನಿಯ ವ್ಯಾಪಾರಿ. ಅವನಿಗೆ ಬೇಕಾದದ್ದು ನಾರು. ತಿಮಿಂಗಿಲ ಹಡಗು ಬಾರದ ಊರುಗಳಿಗೂ ಹರಕೆಕೆ ಜೌಗು ಇತ್ತು. ಹಾಗಾಗಿ ಕರಾವಳಿಯ ಉದ್ದಕ್ಕೂ ಒಂದೊಂದು ಕುಲವೂ ತನ್ನ ವ್ಯಾಪಾರಿಯನ್ನು ಕರೆದು ಕೂರಿಸಿಕೊಂಡಿತು. ಅವನಿಗೆ ಮನೆ ಕಟ್ಟಿಕೊಟ್ಟರು, ಹೆಣ್ಣು ಕೊಟ್ಟರು, ಕಾವಲು ಕೊಟ್ಟರು. ಕೆಲವರು ಮೈಗೆ ಹಚ್ಚೆ ಹಾಕಿಸಿಕೊಂಡು ಅವರಲ್ಲೇ ಒಬ್ಬರಾದರು. 1820ರ ದಶಕದ ಕೊನೆಗೆ ವ್ಯಾಪಾರ ಏರುತ್ತಾ ಹೋಗಿ, 1831ರ ಹೊತ್ತಿಗೆ ವರ್ಷಕ್ಕೆ ಸಾವಿರ ಟನ್ ದಾಟಿತು.

ಇದರ ಲೆಕ್ಕ ನೋಡಿ. ಮೊದಮೊದಲಿಗೆ ಒಂದು ಕೋವಿಗೆ ಒಂದು ಟನ್ ತನಕ ಹೆರೆದ ನಾರು ಕೇಳುತ್ತಿದ್ದರು. ಒಂದು ಟನ್ ಒಣ ನಾರಿಗೆ ಸುಮಾರು ಎಂಟು ಟನ್ ಹಸಿ ಎಲೆ ಬೇಕು. ಆ ಎಂಟು ಟನ್ನನ್ನು ಜೌಗಿನಲ್ಲಿ ಇಳಿದು ಕೊಯ್ಯಬೇಕು, ಹೊರಬೇಕು, ಸೀಳಬೇಕು. ಆಮೇಲೆ ಎಲೆ ಎಲೆಗೂ ಗೀರು, ಎಲೆ ಎಲೆಗೂ ಕಪ್ಪೆಚಿಪ್ಪು. ಒಂದೇ ಕೋವಿಗೆ ಒಂದು ಊರಿನ ಹೆಂಗಸರೆಲ್ಲ ವಾರಗಟ್ಟಲೆ ಕೂರಬೇಕಾಗುತ್ತಿತ್ತು. ಒಂದು ಕುಲಕ್ಕೆ ಬೇಕಾದದ್ದು ನೂರಾರು ಕೋವಿ. ಮೇಲೆ ಮದ್ದು, ಗುಂಡು. ಬಂದ ಕೋವಿಯಾದರೂ ಒಳ್ಳೆಯದಾ ಅಂದರೆ ಅದೂ ಅಲ್ಲ. ವ್ಯಾಪಾರಕ್ಕೆಂದೇ ಅಗ್ಗದಲ್ಲಿ ಮಾಡಿದವು ಬಹಳ ಇದ್ದವು.

ಇಷ್ಟು ಕೆಲಸಕ್ಕೆ ಕೈ ಎಲ್ಲಿಂದ ತರುವುದು? ಇಲ್ಲಿ ವ್ಯಾಪಾರವೂ ಯುದ್ಧವೂ ಒಂದಕ್ಕೊಂದು ಗಂಟುಬಿದ್ದವು. ಯುದ್ಧದಲ್ಲಿ ಹಿಡಿದ ಸೆರೆಯಾಳುಗಳನ್ನು ನಾರು ಹೆರೆಯಲು ಹಚ್ಚಿದರು. ಆ ನಾರಿಗೆ ಕೋವಿ ಬಂತು. ಆ ಕೋವಿಯಿಂದ ಇನ್ನಷ್ಟು ಸೆರೆಯಾಳುಗಳು. ಮಗಳಿಗೆ ತಾಯಿ ಕಲಿಸುತ್ತಿದ್ದ ವಿದ್ಯೆ ಹೀಗೆ ಗುಲಾಮರ ದುಡಿಮೆಯಾಯಿತು. ನಾರಿನ ಗುಣವೂ ಕೆಟ್ಟಿತು. ಹೊದಿಕೆಗೆ ತೆಗೆದ ಹಾಗೆ ತೆಗೆಯೋಕೆ ಯಾರಿಗೂ ಪುರಸೊತ್ತಿಲ್ಲ. ಟನ್ ತುಂಬಿದರೆ ಸಾಕು.

ಇನ್ನೊಂದು ಹಾನಿ ಕಣ್ಣಿಗೆ ಅಷ್ಟು ಬೀಳುವುದಿಲ್ಲ. ಮಾವೋರಿಗಳ ಕೋಟೆಯೂರುಗಳು ಹೆಚ್ಚಾಗಿ ಗುಡ್ಡದ ಮೇಲೆ ಇರುತ್ತಿದ್ದವು. ಒಣ ಜಾಗ, ಗಾಳಿ ಬೆಳಕು ಇರುವ ಜಾಗ. ನಾರಿಗಾಗಿ ಜನ ಕೆಳಗಿಳಿದು ಜೌಗಿನ ಪಕ್ಕ ಗುಡಿಸಲು ಹಾಕಿಕೊಂಡರು. ಥಂಡಿ ನೆಲ, ಒದ್ದೆ ಮೈ. ಹೊಲದ ಕೆಲಸ ಹಿಂದೆ ಬಿತ್ತು, ಊಟ ಕಡಿಮೆಯಾಯಿತು. ಹಡಗಿನಲ್ಲಿ ಬಂದ ಹೊಸ ಕಾಯಿಲೆಗಳು ಇಂಥವರನ್ನು ಸುಲಭವಾಗಿ ಹಿಡಿದವು. ಕೋವಿಯ ಗುಂಡಿಗೆ ಸಿಗದವರು ಹೀಗೂ ಸತ್ತರು. ಆ ದಶಕಗಳ ಯುದ್ಧದಲ್ಲಿ ಸತ್ತವರು ಸುಮಾರು 20,000 ಎಂಬ ಅಂದಾಜು ಹೆಚ್ಚು ಬಳಕೆಯಲ್ಲಿದೆ. ಆಗ ಮಾವೋರಿಗಳ ಒಟ್ಟು ಸಂಖ್ಯೆ ಒಂದು ಲಕ್ಷದ ಆಸುಪಾಸು. ಐದರಲ್ಲಿ ಒಬ್ಬರು ಅಂದ ಹಾಗಾಯಿತು.

ಹಾಗಾದರೆ ಮೋಸ ಹೋದರಾ? ಇಲ್ಲ ಅಂತಲೇ ನಾನು ಹೇಳುತ್ತೇನೆ. ಮಾವೋರಿ ನಾಯಕರು ಬಹಳ ಚುರುಕು ವ್ಯಾಪಾರಿಗಳು. ಯಾವ ಕೋವಿ ಕೆಟ್ಟದ್ದು, ಸಿಡ್ನಿಯಲ್ಲಿ ಏನು ಬೆಲೆ ಅಂತ ಬೇಗ ಕಲಿತರು. ವರ್ಷ ಕಳೆದಂತೆ ಒಂದು ಕೋವಿಗೆ ಕೊಡುವ ನಾರನ್ನು ಇಳಿಸುತ್ತಾ ಬಂದರು. ಅವರಿಗೆ ಇಲ್ಲದೇ ಹೋದದ್ದು ಬೇಡ ಅನ್ನುವ ಅವಕಾಶ. ಪಕ್ಕದವನು ಕೊಂಡರೆ ನಾನೂ ಕೊಳ್ಳಲೇಬೇಕು. ನಾನು ಕೊಂಡರೆ ಅವನು ಇನ್ನೂ ಜಾಸ್ತಿ ಕೊಳ್ಳುತ್ತಾನೆ. ಇಂಥ ಇಕ್ಕಟ್ಟಿನಲ್ಲಿ ಎಷ್ಟು ಜಾಣ ಆದರೂ ಸಿಕ್ಕಿಬೀಳುತ್ತಾನೆ. ಅವರನ್ನು ದಡ್ಡರು, ಜಗಳಗಂಟರು ಅಂತ ಬರೆಯುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಈ ವ್ಯಾಪಾರ ಎಲ್ಲಿ ತನಕ ಇಳಿಯಿತು ಎಂಬುದಕ್ಕೆ 1830ರ ಒಂದು ಘಟನೆ ಸಾಕು. ಉತ್ತರ, ದಕ್ಷಿಣ ದ್ವೀಪಗಳ ನಡುವಿನ ಕುಕ್ ಜಲಸಂಧಿಯ ಹತ್ತಿರ ಕಾಪಿಟಿ ಎಂಬ ದ್ವೀಪವಿದೆ. ಅದನ್ನು ನೆಲೆ ಮಾಡಿಕೊಂಡಿದ್ದವನು ಙಾತಿ ತೊಆ ಕುಲದ ತೆ ರೌಪರಾಹಾ. ನ್ಯೂಜಿಲೆಂಡ್ ರಗ್ಬಿ ತಂಡ ಆಟಕ್ಕೆ ಮುಂಚೆ ಮಾಡುವ ಹಾಕಾ ಕುಣಿತ ನೋಡಿದ್ದೀರಲ್ವಾ, ಅದರಲ್ಲಿ ಹೆಚ್ಚು ಹೆಸರಾದದ್ದನ್ನು ಕಟ್ಟಿದವನು ಇವನೇ. ಎದುರಿನ ದಡದ ಜೌಗುಗಳ ನಾರು, ಬರುವ ಹಡಗು ಎರಡೂ ಅವನ ಹಿಡಿತದಲ್ಲಿದ್ದವು. ಅವನ ಹಿರಿಯ ಬಂಧು ತೆ ಪೆಹಿಯನ್ನು ದಕ್ಷಿಣ ದ್ವೀಪದ ಙಾಯ್ ತಾಹು ಕುಲದವರು ಕೊಂದಿದ್ದರು. ಸೇಡು ತೀರಿಸಬೇಕಿತ್ತು.

ಎಲಿಜಬೆತ್ ಎಂಬ ಹಡಗಿನ ಕಪ್ತಾನ ಜಾನ್ ಸ್ಟೀವರ್ಟ್ ನಾರು ಕೇಳಿಕೊಂಡು ಕಾಪಿಟಿಗೆ ಬಂದ. ತೆ ರೌಪರಾಹಾ ಒಂದು ಒಪ್ಪಂದ ಮುಂದಿಟ್ಟ. ನನ್ನನ್ನೂ ನನ್ನ ಜನರನ್ನೂ ಹಡಗಿನಲ್ಲಿ ದಕ್ಷಿಣ ದ್ವೀಪದ ಅಕರೋವಾಕ್ಕೆ ಕರೆದೊಯ್ದರೆ 50 ಟನ್ ನಾರು. ಸ್ಟೀವರ್ಟ್ ಒಪ್ಪಿದ. ನೂರಕ್ಕೂ ಹೆಚ್ಚು ಯೋಧರು ಹಡಗಿನ ಒಳಗೆ ಅಡಗಿ ಕೂತರು. ಅಕರೋವಾದಲ್ಲಿ ಲಂಗರು ಹಾಕಿದಾಗ ಮೇಲೆ ಕಾಣುತ್ತಿದ್ದವರು ಬಿಳಿಯರು ಮಾತ್ರ. ಅಲ್ಲಿಯ ನಾಯಕ ತೆ ಮೈಹರನುಯಿ ತಾನೂ ನಾರಿನ ವ್ಯಾಪಾರ ಮಾಡುತ್ತಿದ್ದವನು. ಹಡಗು ಬಂತೆಂದರೆ ವ್ಯಾಪಾರ ಬಂತು ಅಂತ ಲೆಕ್ಕ. ಕರೆ ಬಂದಾಗ ಹಡಗು ಹತ್ತಿದ. ಹತ್ತಿದವನು ಸೆರೆಯಾದ. ಹೆಂಡತಿ, ಮಗಳೂ ಸಿಕ್ಕಿಬಿದ್ದರು. ಆಮೇಲೆ ಯೋಧರು ದಡಕ್ಕಿಳಿದು ತಕಪುನೆಕೆ ಎಂಬ ಊರನ್ನು ಸುಟ್ಟು ಜನರನ್ನು ಕೊಂದರು.

ಹಿಂದಿರುಗುವ ದಾರಿಯಲ್ಲಿ, ಹಡಗಿನಲ್ಲೇ, ತೆ ಮೈಹರನುಯಿ ತನ್ನ ಮಗಳು ಶತ್ರುವಿನ ಮನೆಯಲ್ಲಿ ಗುಲಾಮಳಾಗಿ ಬಾಳಬಾರದೆಂದು ಕತ್ತು ಹಿಸುಕಿ ಕೊಂದ. ಅವಳ ಹೆಸರು ಙಾ ರೊಯಿಮಾಟಾ. ಗಂಡ ಹೆಂಡತಿ ಇಬ್ಬರನ್ನೂ ಕಾಪಿಟಿ ಕಡೆ ಕರೆದೊಯ್ದು ಕೊಂದರು. ಸ್ಟೀವರ್ಟ್ ಒಪ್ಪಿದ ನಾರು ಪೂರ್ತಿ ಸಿಗದೆ, ಸಿಕ್ಕಷ್ಟನ್ನು ತುಂಬಿಕೊಂಡು ಸಿಡ್ನಿಗೆ ಹೋದ. ಅಲ್ಲಿ ಸುದ್ದಿ ಹಬ್ಬಿ, ಅವನ ಮೇಲೆ ದೂರು ಬಂತು. ಆದರೆ ನ್ಯೂಜಿಲೆಂಡಿನಲ್ಲಿ ನಡೆದ ಕೊಲೆಗೆ ಸಿಡ್ನಿಯ ಕೋರ್ಟಿಗೆ ಅಧಿಕಾರ ಇದೆಯಾ ಎಂಬ ತಕರಾರು ಎದ್ದಿತು. ಸಾಕ್ಷಿಗಳು ಸಿಗಲಿಲ್ಲ. ವಿಚಾರಣೆ ನಡೆಯಲೇ ಇಲ್ಲ. ಅವನು ಹಡಗು ಹತ್ತಿ ಹೊರಟುಹೋದ. ಅಷ್ಟು ಜನ ಸತ್ತ ತಕಪುನೆಕೆಯ ನೆಲದ ಪಕ್ಕವೇ ಮುಂದೆ ಊರಿನ ಕಸ ಸುರಿದರು. ಅದನ್ನು ಕಾಪಾಡಬೇಕಾದ ಐತಿಹಾಸಿಕ ಜಾಗ ಅಂತ ಗುರುತಿಸಿದ್ದು ಇತ್ತೀಚೆಗೆ.

ಈ ಘಟನೆಯ ಪರಿಣಾಮ ಯಾರೂ ಎಣಿಸಿದ್ದಕ್ಕಿಂತ ದೂರ ಹೋಯಿತು. ಸಿಡ್ನಿಯ ಗವರ್ನರ್ ರಾಲ್ಫ್ ಡಾರ್ಲಿಂಗ್ ನ್ಯೂಜಿಲೆಂಡಿನಲ್ಲಿ ಬ್ರಿಟಿಷರನ್ನು ಹದ್ದುಬಸ್ತಿನಲ್ಲಿಡಲು ಒಬ್ಬ ಅಧಿಕಾರಿ ಬೇಕೆಂದು ಲಂಡನ್ನಿಗೆ ಬರೆದ. 1833ರಲ್ಲಿ ಜೇಮ್ಸ್ ಬಸ್ಬಿ ರೆಸಿಡೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಆಗಿ ಬಂದು ಇಳಿದ. ಅವನ ಕೈಗೆ ಪೊಲೀಸರೂ ಇಲ್ಲ, ಸೈನ್ಯವೂ ಇಲ್ಲ. ಆದರೂ ಬ್ರಿಟಿಷ್ ಸರ್ಕಾರ ಕಾಲಿಟ್ಟಾಯಿತು. 1840ರ ಫೆಬ್ರುವರಿ 6ರಂದು ಅವನ ಮನೆಯ ಅಂಗಳದಲ್ಲೇ, ನ್ಯೂಜಿಲೆಂಡನ್ನು ಬ್ರಿಟಿಷ್ ವಸಾಹತಾಗಿಸಿದ ವೈತಂಗಿ ಒಪ್ಪಂದಕ್ಕೆ ಮಾವೋರಿ ನಾಯಕರು ಸಹಿ ಹಾಕಲು ಶುರುಮಾಡಿದರು. ವಸಾಹತು ಬಂದದ್ದಕ್ಕೆ ಬೇರೆ ಕಾರಣಗಳೂ ಇವೆ. ಭೂಮಿಯ ಆಸೆ, ಫ್ರೆಂಚರ ಭಯ, ಪಾದ್ರಿಗಳ ಒತ್ತಾಯ. ಆದರೆ ಮೊದಲ ಬಾಗಿಲು ತೆರೆದದ್ದರಲ್ಲಿ ಆ ಹಡಗಿನ ನಾರಿನ ಒಪ್ಪಂದಕ್ಕೆ ದೊಡ್ಡ ಪಾಲಿದೆ.

ವ್ಯಾಪಾರ ಯಾಕೆ ನಿಂತಿತು ಅಂತ ಕೇಳಿದ್ದೀರಿ. ಎರಡು ಕಡೆಯಿಂದಲೂ ಸೊರಗಿತು. 1830ರ ದಶಕದ ನಡುವೆ ಬಹುತೇಕ ಎಲ್ಲ ಕುಲಗಳಿಗೂ ಸಾಕಷ್ಟು ಕೋವಿ ಸಿಕ್ಕಿತ್ತು. ಎರಡೂ ಕಡೆ ಕೋವಿ ಇದ್ದ ಮೇಲೆ ದಾಳಿ ಮಾಡಿ ಗೆಲ್ಲುವುದು ಸುಲಭವಲ್ಲ. ಹೆರೆಯುವ ಅವಸರ ಇಳಿಯಿತು. ಆ ಕಡೆ ಲಂಡನ್ನಿನಲ್ಲಿ ಅವಸರದಲ್ಲಿ ಹೆರೆದ ನಾರಿಗೆ ಹೆಸರು ಕೆಟ್ಟಿತ್ತು. ಫಿಲಿಪ್ಪೀನ್ಸ್‌ನ ಮನಿಲಾ ನಾರು ಪೈಪೋಟಿಗೆ ಬಂತು.

ವ್ಯಾಪಾರಿಗಳೂ ಎಲ್ಲರೂ ಗೆದ್ದವರಲ್ಲ. ಡೆನ್ಮಾರ್ಕಿನಿಂದ ಬಂದ ಫಿಲಿಪ್ ಟಾಪ್ಸೆಲ್ ಎಂಬಾತ 1830ರಿಂದ ಮಕೆಟು ಎಂಬಲ್ಲಿ ತೆ ಅರಾವಾ ಕುಲದವರ ಜೊತೆ ನೆಲೆಸಿ ನಾರಿಗೆ ಕೋವಿ ಕೊಡುತ್ತಿದ್ದ. ಮೊಕೊಯಾದಲ್ಲಿ ಹೊಂಗಿಯ ಕೋವಿಗೆ ಸಿಕ್ಕಿ ನಲುಗಿದ್ದವರು ಇವರೇ. 1836ರಲ್ಲಿ ತೆ ವಹರೊವಾ ಎಂಬ ನಾಯಕ ಮಕೆಟು ಮೇಲೆ ದಾಳಿ ಮಾಡಿದಾಗ ಟಾಪ್ಸೆಲ್ಲನ ಮನೆ, ಅಂಗಡಿ, ಕೂಡಿಟ್ಟ ನಾರು ಎಲ್ಲ ಬೆಂಕಿಗೆ ಹೋಯಿತು. ಅವನ ಮಾವೋರಿ ಹೆಂಡತಿಯ ಕಡೆಯ ಮೊಮ್ಮಕ್ಕಳು ಮರಿಮಕ್ಕಳು ಇಂದಿಗೂ ಆ ಸೀಮೆಯಲ್ಲಿ ದೊಡ್ಡ ಬಳಗ.

ಗಿಡದ ಕತೆ ಅಲ್ಲಿಗೆ ಮುಗಿಯಲಿಲ್ಲ. 1860ರ ದಶಕದಲ್ಲಿ ಎಲೆ ಹೆರೆಯುವ ಯಂತ್ರ ಬಂತು. ತಿರುಗುವ ಕಬ್ಬಿಣದ ಉರುಳೆ ಎಲೆಯನ್ನು ಬಡಿದು ಹಸಿರನ್ನು ಕಳಚುತ್ತದೆ. ಕಿವಿ ಕಿತ್ತುಹೋಗುವಂಥ ಸದ್ದು. ಕೆಲಸ ಬೇಗ ಆಯಿತು, ಆದರೆ ಕಪ್ಪೆಚಿಪ್ಪಿನ ನಾರಿನ ನಯ ಯಾವ ಯಂತ್ರಕ್ಕೂ ಬರಲಿಲ್ಲ. ಹಗ್ಗಕ್ಕೆ, ಹುರಿಗೆ ಸಾಕಾಗುತ್ತಿತ್ತು. ಎಲ್ಲೋ ಯುದ್ಧವಾಗಿ ಬೇರೆ ನಾರಿಗೆ ಅಡ್ಡಿಯಾದಾಗ ಇಲ್ಲಿ ಮಿಲ್ಲುಗಳು ಏಳುತ್ತಿದ್ದವು. 1898ರಲ್ಲಿ ಸ್ಪೇನ್ ಮತ್ತು ಅಮೆರಿಕದ ಯುದ್ಧದಿಂದ ಮನಿಲಾ ನಾರು ನಿಂತಾಗ ಹಾಗೇ ಆಯಿತು. ಮೊದಲ ಮಹಾಯುದ್ಧದಲ್ಲಿ ಮತ್ತೆ. ಯುದ್ಧ ನಿಂತ ಕೂಡಲೇ ಬೆಲೆ ಬಿದ್ದು ಮಿಲ್ಲು ಮುಚ್ಚುತ್ತಿದ್ದವು. ಮನವಟು ನದಿಯ ಬಯಲು, ಅದರಲ್ಲೂ ಫಾಕ್ಸ್‌ಟನ್ ಪಟ್ಟಣ, ಈ ಉದ್ಯಮದ ನಡುಮನೆಯಾಗಿತ್ತು. ಶಾನನ್ ಹತ್ತಿರದ ಮಿರಾನುಯಿ ಮಿಲ್ಲು ಇಡೀ ದೇಶದಲ್ಲೇ ದೊಡ್ಡದಾಗಿತ್ತು.

ಈ ಉದ್ಯಮವನ್ನು ಮುರಿದದ್ದು ಎಲೆ ಹಳದಿಯಾಗುವ ರೋಗ. ಒಂದು ಜಿಗಿಹುಳ ಹರಡುವ ಸೋಂಕು ಅದು. ಒಂದೇ ಗಿಡ ಒತ್ತೊತ್ತಾಗಿ ನಿಂತ ಜೌಗುಗಳಲ್ಲಿ ಬೇಗ ಹಬ್ಬಿತು. ಜೊತೆಗೆ ಜೌಗು ಬಸಿದು ಹುಲ್ಲುಗಾವಲು ಮಾಡಿ ಹಸು ಸಾಕುವುದು ಹೆಚ್ಚು ಲಾಭ ಅಂತ ರೈತರಿಗೆ ಕಂಡಿತು. ನ್ಯೂಜಿಲೆಂಡಿನ ಜೌಗು ನೆಲದಲ್ಲಿ ಇಂದು ಉಳಿದಿರುವುದು ಹತ್ತರಲ್ಲಿ ಒಂದು ಪಾಲು. ಅದಕ್ಕೆ ನಾರಿನ ಉದ್ಯಮ ಒಂದೇ ಕಾರಣ ಅಂತ ಹೇಳಲಾಗದು, ಬಹುಪಾಲು ಹೈನುಗಾರಿಕೆಯದ್ದು. 1930ರ ದಶಕದಿಂದ ಫಾಕ್ಸ್‌ಟನ್‌ನಲ್ಲಿ ಉಣ್ಣೆ ತುಂಬುವ ಚೀಲ ನೇಯುವ ಕಾರ್ಖಾನೆ ನಡೆಯಿತು. ಭಾರತದ ಸೆಣಬಿನ ಚೀಲಕ್ಕೆ ತಡೆ ಹಾಕಿ ಸರ್ಕಾರವೇ ಅದನ್ನು ಕಾಯಿತು. ಕೊನೆಗೆ ನೈಲಾನು, ಪ್ಲಾಸ್ಟಿಕ್ಕು ಬಂದವು. ಕೊನೆಯ ಮಿಲ್ಲು ಮುಚ್ಚಿದ್ದು 1985ರಲ್ಲಿ.

ಇದೇ ಗಿಡ ಬೇರೆ ಕಡೆ ಹೋಗಿ ಏನು ಮಾಡಿತು ಅನ್ನೋದಕ್ಕೆ ಸೇಂಟ್ ಹೆಲೆನಾ ನೋಡಿ. ನೆಪೋಲಿಯನ್ ಸೆರೆಯಲ್ಲಿದ್ದ ಆ ಅಟ್ಲಾಂಟಿಕ್ ದ್ವೀಪದಲ್ಲಿ 1907ರಲ್ಲಿ ಸರ್ಕಾರಿ ಮಿಲ್ಲು ಶುರುವಾಯಿತು. ಗುಡ್ಡಗುಡ್ಡವೇ ಹರಕೆಕೆ ತೋಟವಾಯಿತು. ದ್ವೀಪದ ಹೊಟ್ಟೆಪಾಡೇ ಅದಾಗಿ ಕುಳಿತಿತು. 1960ರ ದಶಕದಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಅಂಚೆ ಕಟ್ಟುವ ಹುರಿಗೆ ಈ ನಾರು ಬಿಟ್ಟು ಕೃತಕ ನಾರಿಗೆ ಹೋಯಿತು. 1966ರಲ್ಲಿ ಮಿಲ್ಲು ಮುಚ್ಚಿದವು. ಜನರ ಕೆಲಸ ಹೋಯಿತು, ಗಿಡ ಮಾತ್ರ ಹೋಗಲಿಲ್ಲ. ಬೇರೆಲ್ಲೂ ಇಲ್ಲದ ಅಲ್ಲಿಯ ಗಿಡಮರಗಳನ್ನು ಅದು ಮುಚ್ಚಿಹಾಕಿತು. ಈಗ ಅದನ್ನು ಕಡಿದು ತೆಗೆದು ಹಳೆಯ ಕಾಡನ್ನು ಮತ್ತೆ ಬೆಳೆಸುವ ಕೆಲಸ ನಡೆದಿದೆ.

ನಾರಿನ ಕೆಲಸ ಈಗಲೂ ಇದೆಯಾ ಅಂದರೆ, ಇದೆ. ಜೀವಂತವಾಗಿದೆ. ಮಾವೋರಿ ನೇಯ್ಗೆಯವರು ಹಳೆಯ ತಳಿಗಳನ್ನು ಹುಡುಕಿ ಬೆಳೆಸುತ್ತಿದ್ದಾರೆ. ಗಿಸ್ಬರ್ನ್ ಕಡೆಯ ರೆನೆ ಆರ್ಚಿಸ್ಟನ್ ಎಂಬ ಹೆಣ್ಣುಮಗಳು 1950ರ ದಶಕದಿಂದ ಊರೂರು ಸುತ್ತಿ, ಹಿರಿಯ ನೇಯ್ಗೆಯವರನ್ನು ಕೇಳಿ, ಅವರು ಕೊಟ್ಟ ಬುಡಗಳನ್ನು ತಂದು ನೆಟ್ಟರು. 1987ರಲ್ಲಿ ಐವತ್ತಕ್ಕೂ ಹೆಚ್ಚು ತಳಿಗಳನ್ನು ಸರ್ಕಾರಿ ಸಂಶೋಧನಾ ಸಂಸ್ಥೆಗೆ ಕೊಟ್ಟರು. ಅಲ್ಲಿಂದ ನೇಯ್ಗೆಯ ಗುಂಪುಗಳಿಗೆ, ಶಾಲೆಗಳಿಗೆ ಸಸಿ ಹೋಗಿವೆ. ಯಾವ ತಳಿಯಲ್ಲಿ ಮುಕಾ ಸುಲಭವಾಗಿ ಬಿಡುತ್ತದೆ, ಯಾವುದು ಬುಟ್ಟಿಗೆ ಒಳ್ಳೆಯದು ಎಂಬ ಹಳೆಯ ತಿಳಿವಳಿಕೆಯನ್ನು ವಿಜ್ಞಾನಿಗಳು ನೇಯ್ಗೆಯವರ ಜೊತೆ ಕೂತು ಬರೆದಿಟ್ಟುಕೊಂಡಿದ್ದಾರೆ.

ಕಣ್ಣಾರೆ ನೋಡಬೇಕೆಂದಿದ್ದರೆ ವೆಲಿಂಗ್ಟನ್ನಿನ ತೆ ಪಾಪಾ ಮ್ಯೂಸಿಯಮ್ಮಿನಲ್ಲಿ ಹಳೆಯ ಮುಕಾ ಹೊದಿಕೆಗಳಿವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲೂ ಇವೆ. ಫಾಕ್ಸ್‌ಟನ್‌ನ ನಾರಿನ ಮ್ಯೂಸಿಯಮ್ಮಿನಲ್ಲಿ ಹಳೆಯ ಹೆರೆಯುವ ಯಂತ್ರವನ್ನು ಓಡಿಸಿ ತೋರಿಸುತ್ತಾರೆ. ಅದರ ಪಕ್ಕದಲ್ಲಿ ನಿಂತರೆ ಮಿಲ್ಲಿನ ಕೆಲಸಗಾರರ ಕಿವಿ ಯಾಕೆ ಕೆಡುತ್ತಿತ್ತು ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ.